ಎರಡೂವರೆ ಕಿಲೋ ಎಂದು ಬರೆದ ಕೂಸು

ಹೊಸದಾಗಿ ನೌಕರಿಗೆ ಸೇರಿದ ನರ್ಸ್ ಹುಡುಗಿಯರು ಆಗಾಗ ರಾಯಬಾಗದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, "ಬಾಯಾರ, ನಿಮ್ಮ ಕಾಲದಾಗ ನರ್ಸಬಾಯಿ ಅಂದ್ರ ಮಂದಿ ದೇವ್ರಂಗ ನೋಡತಿದ್ರಂತಲ್ರಿ?" ಎನ್ನುತ್ತಾರೆ. ಇವರಿಗೆ ಇದನ್ನು ಯಾರು ಹೇಳಿಕೊಟ್ಟರೋ. ನಮ್ಮನ್ನು ಯಾರೂ ದೇವರಂತೆ ನೋಡಲಿಲ್ಲ, ನಾವೂ ದೇವರಂತೆ ನಡೆದುಕೊಳ್ಳಲಿಲ್ಲ. ನಾನಂತೂ ಒಂದು ಸುಳ್ಳು ಅಂಕಿ ಬರೆದು ಒಂದು ಕೂಸನ್ನು ಸಾವಿನ ಬಾಗಿಲಿಗೆ ಕಳಿಸಿದವಳು. ಆ ಕೂಸಿನ ತಾಯಿಯ ತಲೆಯ ಮೇಲೆ ಅವಳು ಮಾಡದ ಪಾಪ ಹೊರಿಸಿದವಳು. ಬೀಳ್ಕೊಡುವ ಸಮಾರಂಭದಲ್ಲಿ ಶಾಲು ಹೊದಿಸಿ ನನ್ನ ಸೇವೆಯನ್ನು ಹೊಗಳಿದವರಲ್ಲಿ ಒಬ್ಬರೂ ಈ ಮಾತು ಎತ್ತಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲಲ್ಲಿ ನನ್ನ ಮೊದಲ ನೇಮಕ ನಿಪ್ಪಾಣಿ ಕಡೆ, ಭೋಜದ ಹತ್ತಿರದ ಒಂದು ಉಪಕೇಂದ್ರಕ್ಕೆ ಆಯಿತು. ಉಪಕೇಂದ್ರ ಎಂದರೆ ಒಂದು ಕೋಣೆ, ಒಂದು ಮೇಜು, ಒಂದು ಸ್ಪ್ರಿಂಗ್ ತಕ್ಕಡಿ. ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿ ತಕ್ಕಡಿಯ ಕೊಕ್ಕೆಗೆ ತೂಗು ಹಾಕಿದರೆ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಅಲ್ಲಿನ ಹೆಂಗಸರು ಬಸುರಿಯಾಗಿ ದಿನ ತುಂಬುವವರೆಗೂ ತಂಬಾಕಿನ ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ದುಡಿಯುತ್ತಿದ್ದರು. ಮೈತುಂಬ ತಂಬಾಕಿನ ಧೂಳು, ಹೊಟ್ಟೆಗೆ ಅರ್ಧ ರೊಟ್ಟಿ. ಅವರ ಕೂಸುಗಳು ಎರಡು ಕಿಲೋ, ಒಂದೂ ಮುಕ್ಕಾಲು ಹೀಗೇ ಹುಟ್ಟುತ್ತಿದ್ದವು. ಮುಳ್ಳು ನಿಂತದ್ದನ್ನೇ ನಾನು ಬರೆದೆ. ಮತ್ತೇನು ಬರೆಯಬೇಕು?

ಚಿಕ್ಕೋಡಿಯ ತಿಂಗಳ ಮೀಟಿಂಗಿನಲ್ಲಿ ಮೇಲಧಿಕಾರಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಏನವ್ವಾ, ನಿಮ್ಮೂರಾಗ ಹೆಂಗಸೂರು ಕೂಸ ಹಡೀತಾರೋ, ಇಲಿ ಹಡೀತಾರೋ?" ಎಂದರು. ಎಲ್ಲರೂ ನಕ್ಕರು. ನನ್ನ ಜೊತೆಗಾರ್ತಿಯರೂ ನಕ್ಕರು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿದ್ದರೆ ಅದಕ್ಕೆ ಬೇರೆ ಫಾರ್ಮು, ವಾರಕ್ಕೊಮ್ಮೆ ಮನೆ ಭೇಟಿ, ಮೇಲಿನವರಿಗೆ ಕಾರಣದ ವರದಿ. ಹತ್ತು ಕೂಸು ಕಡಿಮೆಯಿದ್ದರೆ ಇಡೀ ಕೇಂದ್ರಕ್ಕೆ ಕೆಟ್ಟ ಹೆಸರು. ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬ ಹಿರಿಯ ನರ್ಸಬಾಯಿ ನನ್ನ ಪಕ್ಕ ಕೂತು ಬುದ್ಧಿ ಹೇಳಿದಳು. "ಎರಡೂವರಿ ಅಂತ ಬರದ ಬಿಡಬೇ. ಮುಳ್ಳ ನಿನ್ನ ಬಿಟ್ಟ ಯಾರ ನೋಡ್ಯಾರ?"

ಮುಂದಿನ ತಿಂಗಳಿಂದ ನನ್ನ ಊರಿನ ಕೂಸುಗಳೆಲ್ಲ ಎರಡೂವರೆ ಕಿಲೋ ಹುಟ್ಟತೊಡಗಿದವು. ಅನುಮಾನ ಬರಬಾರದೆಂದು ನಡುನಡುವೆ ಒಂದು ಎರಡೂ ಆರುನೂರು, ಒಂದು ಎರಡೂ ಎಂಟುನೂರು. ಅದೇ ಅಧಿಕಾರಿ ಅದೇ ಮೀಟಿಂಗಿನಲ್ಲಿ, "ನೋಡ್ರಿ, ಈಕಿ ಹೆಂಗ ಸುಧಾರಿಸ್ಯಾಳ" ಎಂದರು. ನಾನು ಸುಧಾರಿಸಿದ್ದೆ. ವಖಾರದ ಹೆಂಗಸರು ಹಾಗೇ ಇದ್ದರು. ಅವರ ಕೂಸುಗಳು ಹಾಗೇ ಇದ್ದವು, ಕೆಲವು ಹೋದವು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆಗ ಉರಿಯಲಿಲ್ಲ, ಅದೇ ದೊಡ್ಡ ತಪ್ಪು.

ಐದಾರು ವರ್ಷದ ಮೇಲೆ ಕಾಗವಾಡದ ಕಡೆ, ಶೇಡಬಾಳದ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಕಬ್ಬು, ದ್ರಾಕ್ಷಿ, ಹೊಟ್ಟೆ ತುಂಬ ಉಣ್ಣುವ ಮನೆಗಳು. ಇಲ್ಲಿ ಸುಳ್ಳು ಬರೆಯುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ಆ ಊರಿನಲ್ಲಿ ಬಾಳಗೌಡ ಎಂಬ ಜೈನ ರೈತನಿದ್ದ. ನಾಲ್ಕು ಎಕರೆ ದ್ರಾಕ್ಷಿ ತೋಟ, ಮಾತು ಕಡಿಮೆ, ಯಾರು ಏನು ಹೇಳಿದರೂ ನಂಬುವ ಮನುಷ್ಯ. ಅವನ ಹೆಂಡತಿ ಸುನಂದಾ. ಮನೆಯಲ್ಲಿ ಬಾಳಗೌಡನ ತಾಯಿ. ಅವಳನ್ನು ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಮದುವೆಯಾಗಿ ಆರು ವರ್ಷಕ್ಕೆ ಸುನಂದಾ ಮೊದಲ ಬಸುರಿ. ತವರಿಗೆ ಕರೆದೊಯ್ಯಲು ಇನ್ನೂ ಒಂದು ತಿಂಗಳಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗಲೇ ನೋವು ಬಂತು. ನಾನು ಓಡಿಹೋಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು. ಹೆಣ್ಣು ಕೂಸು. ಏಳು ತಿಂಗಳು ತುಂಬಿ ನಾಲ್ಕು ದಿನ. ಅತ್ತದ್ದು ಬೆಕ್ಕಿನ ಮರಿಯ ಹಾಗೆ. ಜೋಳಿಗೆಗೆ ಹಾಕಿ ತೂಗಿದೆ. ಮುಳ್ಳು ಒಂದೂ ನಾನೂರಕ್ಕೆ ನಿಂತಿತು.

ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ಡಾಕ್ಟರ್ ಸಾಹೇಬರ ಮುಂದೆ ನಿಂತೆ. "ಒಂದೂ ನಾನೂರರ ಕೂಸ್ರಿ ಸಾಹೇಬ್ರ. ಮಿರಜಿಗೆ ಕಳಸೂಣೇನ್ರಿ?" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕಳಿಸಿದ್ರ ದಾರ್ಯಾಗ ಹೋಗತೈತಿ, ಇಟಗೊಂಡ್ರ ಮನ್ಯಾಗ ಹೋಗತೈತಿ. ಹೋದ ಮ್ಯಾಲ ಹೆಂಗೂ ಬರಿಯೂದೈತಿ. ಅಲ್ಲೀತನಕಾ ಎರಡೂವರಿ ಅಂತ ಇರಲಿ. ತಿಂಗಳ ತುಂಬೈತಿ ಅಂತನೂ ಬರಿ, ಇಲ್ಲಾಂದ್ರ ಒಂದಕ್ಕೊಂದ ಹೊಂದಂಗಿಲ್ಲ."

ನಾನು ಬರೆದೆ. ರಜಿಸ್ಟರಿನಲ್ಲಿ ಬರೆದೆ, ತಾಯಿಗೆ ಕೊಡುವ ಕಾರ್ಡಿನಲ್ಲೂ ಬರೆದೆ. ಸಾಹೇಬರು ನನ್ನ ಕೈ ಹಿಡಿದು ಬರೆಸಲಿಲ್ಲ, ಪೆನ್ನು ನನ್ನದೇ. ಬರೆಯುವಾಗ ಆ ಕೂಸು ಉಳಿಯುತ್ತದೆಂದು ನನಗೂ ಅನ್ನಿಸಿರಲಿಲ್ಲ. ಸಾಯುವ ಕೂಸಿಗೆ ಯಾವ ತೂಕವಾದರೇನು ಎಂಬ ಹಾಳು ವಿಚಾರ.

ಕಾರ್ಡು ಕೊಡಲು ಹೋದಾಗ ಬಾಳಗೌಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೆ ಕನ್ನಡವೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಾನೂ ನಮ್ಮ ದ್ರಾಕ್ಷಿ ಕಾಟಾದಾಗ ಅರಿವಿ ಹಾಸಿ ತೂಗಿದ್ನ್ರಿ. ಒಂದೂವರಿ ಸೈತ ತುಂಬಲಿಲ್ಲ."

"ನಿಮ್ಮ ಕಾಟಾ ದ್ರಾಕ್ಷಿ ತೂಗೂದು ಗೌಡ್ರ, ಇದು ಸರಕಾರದ್ದು" ಎಂದೆ, ಮುಖ ಗಂಟು ಹಾಕಿಕೊಂಡು.

ಅವನು ನಾಚಿ ನಕ್ಕ. "ಖರೇ ಬಿಡ್ರಿ. ಸರಕಾರಿ ತಕ್ಕಡಿ ಯಾಕ ಸುಳ್ಳ ಹೇಳತೈತಿ? ನಮ್ಮದs ಕೆಟ್ಟಿರಬೇಕು." ಆ ವಾರವೇ ಅವನು ಕಾಟಾವನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಥಣಿಗೆ ಹೋಗಿ ರಿಪೇರಿಗೆ ಕೊಟ್ಟು ಬಂದ. ಸರಿಯಾಗಿದ್ದ ಕಾಟಾವನ್ನು! ರಿಪೇರಿಯವನು ಏನು ತಿದ್ದಿದನೋ ದೇವರೇ ಬಲ್ಲ, ಆ ಸಲದ ಸುಗ್ಗಿಯಲ್ಲಿ ವ್ಯಾಪಾರಿಗಳೆಲ್ಲ ತೂಕ ಹೆಚ್ಚು ತೋರಿಸುತ್ತದೆಂದು ಅವನ ಜೊತೆ ಜಗಳ ಕಾಯ್ದರು. ಇದನ್ನು ಹೇಳಿ ನಾನು ಹಿಂದೆ ಎಷ್ಟೋ ಜನರನ್ನು ನಗಿಸಿದ್ದೇನೆ. ಈಗ ನಗು ಬರುವುದಿಲ್ಲ.

ಕೂಸು ಮಾತ್ರ ಹೋಗಲಿಲ್ಲ. ಅದಕ್ಕೆ ಕಾರಣ ನಾನೂ ಅಲ್ಲ, ಸಾಹೇಬರೂ ಅಲ್ಲ, ಆಯಿ. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು, ಇಂಥ ಕೂಸನ್ನು ಹತ್ತಿಯಲ್ಲಿ ಸುತ್ತಿ, ಅಕ್ಕಪಕ್ಕ ಬಿಸಿನೀರಿನ ಬಾಟಲಿ ಇಟ್ಟು, ಯಾರೂ ಮುಟ್ಟದಂತೆ ಮಲಗಿಸಬೇಕು ಎಂದು. ಆಯಿ ಹತ್ತಿಯನ್ನೆಲ್ಲ ಕಿತ್ತು ಹಾಕಿದಳು. ಕೂಸನ್ನು ಬರಿಮೈಯಲ್ಲಿ ಸುನಂದಾಳ ಎದೆಯ ನಡುವೆ ಇಟ್ಟು, ಮೇಲೆ ಹಳೆಯ ಧೋತರ ಬಿಗಿದು ಕಟ್ಟಿದಳು. ಸುನಂದಾ ಸ್ನಾನಕ್ಕೆ ಎದ್ದರೆ ಅಷ್ಟು ಹೊತ್ತು ತನ್ನ ಎದೆಗೆ ಕಟ್ಟಿಕೊಳ್ಳುವಳು. ಹಾಲು ಹಿಂಡಿ ಬೆಳ್ಳಿಯ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುವಳು. ನಾನು ಕೂಗಾಡಿದೆ. "ಆಯಿ, ಹಿಂಗ ಮಾಡಿದ್ರ ಕೂಸಿಗೆ ನಂಜ ಆಗತೈತಿ, ಇದೆಲ್ಲಾ ಅಡ್ನಾಡಿ ಪದ್ಧತಿ" ಎಂದೆ. ಅವಳು, "ನೀ ಎಷ್ಟ ಹಡದೀಯವಾ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು. ತೊಂಬತ್ತರ ದಶಕದ ನಡುವೆ ಒಂದು ತರಬೇತಿಗೆ ಕರೆದು, ಸ್ಲೈಡು ತೋರಿಸಿ, ದಿನ ತುಂಬದ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟುವುದೇ ಹೊಸ ಪದ್ಧತಿ ಎಂದು ಕಲಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಷ್ಟರಲ್ಲಿ ಆಯಿ ತೀರಿಹೋಗಿದ್ದಳು.

ಕೂಸಿಗೆ ರಾಜಮತಿ ಎಂದು ಹೆಸರಿಟ್ಟರು. ಎರಡು ತಿಂಗಳಾಗುವ ಹೊತ್ತಿಗೆ ಬೇರೆ ತೊಂದರೆ ಶುರುವಾಯಿತು. ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಚೀಪಿ ಬಿಟ್ಟುಬಿಡುವುದು, ಹಣೆಯ ಮೇಲೆ ಬೆವರು, ಪಕ್ಕೆ ಒಳಗೆ ಹೋಗುವ ಹಾಗೆ ಏದುಸಿರು. ನಮ್ಮ ಸಾಹೇಬರು ನ್ಯುಮೋನಿಯಾ ಎಂದು ಒಂದು ಬಾಟಲಿ ಔಷಧ ಕೊಟ್ಟು ಕೈ ತೊಳೆದುಕೊಂಡರು. ಮೂರನೇ ತಿಂಗಳಲ್ಲಿ ಗಂಡ ಹೆಂಡತಿ ಗಡಿಯಾಚೆಯ ಊರಿನ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದರು. ಹೆಸರುವಾಸಿ ಡಾಕ್ಟರು, ಬಾಗಿಲಲ್ಲಿ ಐವತ್ತು ಮಂದಿ. ಸುನಂದಾ ಕಾರ್ಡು ಕೊಟ್ಟಳು. ಅವರು ಕಾರ್ಡು ನೋಡಿದರು, ಕೂಸನ್ನು ತೂಗಿಸಿದರು. ಎರಡು ಕಿಲೋ, ಇನ್ನೂರು ಗ್ರಾಮು.

"ಹುಟ್ಟಿದಾಗ ಎರಡೂವರಿ ಇದ್ದ ಕೂಸು ಮೂರ ತಿಂಗಳಿಗೆ ಎರಡೂ ಇನ್ನೂರು? ನೀನು ಇದಕ್ಕ ಏನ ತಿನ್ನಸಾಕತ್ತೀಯಾ, ಗಾಳೀನಾ?" ಎಂದು ಮರಾಠಿಯಲ್ಲಿ ಗದರಿದರಂತೆ.

"ಸಾಹೇಬ್ರ, ಕೂಸು ಏಳ ತಿಂಗಳಿಗೇ ಹುಟ್ಟೈತ್ರಿ" ಎಂದಳು ಸುನಂದಾ.

ಅವರು ಬೆರಳಿನಿಂದ ಕಾರ್ಡನ್ನು ಕುಟ್ಟಿದರು. ತಿಂಗಳು ತುಂಬಿದೆ ಎಂದು ಬರೆದಿತ್ತು, ನನ್ನ ಅಕ್ಷರದಲ್ಲಿ. "ಹಳ್ಳಿ ಮಂದಿಗೆ ತಿಂಗಳ ಲೆಕ್ಕ ಬರಂಗಿಲ್ಲ" ಎಂದರು. ಆಮೇಲೆ, ನೀನು ಎಷ್ಟು ಹೊತ್ತಿಗೆ ಉಣ್ಣುತ್ತೀ ಎಂದು ಕೇಳಿದರು. ಸುನಂದಾ ಮದುವೆಗೆ ಮೊದಲೇ ಒಬ್ಬ ಮುನಿಗಳ ಎದುರು ಕೈ ಮುಗಿದು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ ಎಂದು ವ್ರತ ಹಿಡಿದವಳು. ಅದನ್ನು ಹೇಳಿದಳು. ಡಾಕ್ಟರಿಗೆ ಉತ್ತರ ಸಿಕ್ಕಿಬಿಟ್ಟಿತು. ತಾಯಿ ಹೊಟ್ಟೆ ಕಟ್ಟುತ್ತಾಳೆ, ಅದಕ್ಕೇ ಹಾಲಿಲ್ಲ, ಅದಕ್ಕೇ ಕೂಸು ಬಡಕಲು. ಒಂದು ಟಾನಿಕ್, ಒಂದು ಡಬ್ಬಿ ಹಾಲಿನ ಪುಡಿ, ಒಂದು ಬಾಟಲಿ. ಎದೆಗೆ ಕೊಳವೆ ಹಚ್ಚಿ ನಿಮಿಷ ಆಲಿಸುವಷ್ಟು ವ್ಯವಧಾನ ಅವರಿಗಿರಲಿಲ್ಲ.

ಮನೆಗೆ ಬಂದ ಸಂಜೆಯೇ ಸುನಂದಾ ವ್ರತ ಮುರಿದಳು. ದೀಪ ಹಚ್ಚಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು, ಅಳುತ್ತಾ, ರೊಟ್ಟಿ ನುಂಗುತ್ತಿದ್ದಳಂತೆ. ಬಡಿಸುವವಳು ಆಯಿ. ಪುಡಿ ಹಾಲು ಕೂಸಿಗೆ ಒಗ್ಗಲಿಲ್ಲ, ಭೇದಿ ಹತ್ತಿತು. ಎದೆ ಹಾಲು ಕೊಟ್ಟರೆ ಏದುಸಿರು. ಅಕ್ಕಪಕ್ಕದ ಹೆಂಗಸರಿಗೆ ಸುದ್ದಿ ಮುಟ್ಟಿತು. ಸುನಂದಾ ನೀರಿಗೆ ಬಂದರೆ, "ತಾಯಿ ಸರೀ ಇದ್ರ ಕೂಸ ಯಾಕ ಹಿಂಗ ಆಗತೈತಿ" ಎಂದು ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು. ಅವಳು ನೀರಿಗೆ ಬರುವುದನ್ನೇ ಬಿಟ್ಟಳು. ಬಾಳಗೌಡ ತಾನೇ ಕೊಡ ಹೊತ್ತ.

ಆ ದಿನಗಳಲ್ಲಿ ನಾನು ಒಂದು ತಿಂಗಳು ಕ್ಯಾಂಪಿನ ಮೇಲೆ ಕ್ಯಾಂಪು ಎಂದು ಮಕ್ಕಳಾಗದ ಆಪರೇಷನ್ನಿಗೆ ಹೆಂಗಸರನ್ನು ಹುಡುಕುತ್ತ ಅಲೆಯುತ್ತಿದ್ದೆ. ಅದು ಇನ್ನೊಂದು ಹೊಲಸು ಕತೆ, ಇಲ್ಲಿ ಬೇಡ. ತಿರುಗಿ ಬಂದು ಅವರ ಮನೆಗೆ ಹೋದಾಗ ಬಾಳಗೌಡ ಡಾಕ್ಟರ ಚೀಟಿ ತೋರಿಸಿದ. ಇಂಗ್ಲಿಷಿನಲ್ಲಿತ್ತು. ತಿಂಗಳು ತುಂಬಿ ಹುಟ್ಟಿದ ಕೂಸು, ಹುಟ್ಟಿದಾಗಿನ ತೂಕ ಎರಡೂವರೆ, ತಾಯಿಯ ಅಲಕ್ಷ್ಯದಿಂದ ಸೊರಗಿದೆ ಎಂದು ಬರೆದಿತ್ತು. ಎದುರಿಗೆ ಸುನಂದಾ ನಿಂತಿದ್ದಳು. ಹಾಲು ಸೋರಿ ಅವಳ ಕುಪ್ಪಸ ಎರಡೂ ಕಡೆ ತೊಯ್ದಿತ್ತು.

ನನಗೆ ಅಲ್ಲೇ ಎಲ್ಲ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಅಡಿಗೆ ಮಾಡಿದೆ, ಉಂಡೆ. ಸುಳ್ಳು ಬರೆದದ್ದು ಹೊರಬಿದ್ದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ. ಹೇಳಿದರೆ ಸಾಹೇಬರು ನಾನೆಲ್ಲಿ ಹೇಳಿದ್ದೆ ಎನ್ನುತ್ತಾರೆ ಎಂದೂ ಗೊತ್ತಿತ್ತು. ಹೀಗೆ ಹದಿನೈದು ದಿನ ಕಳೆದೆ. ಹುಡುಗಿಯರೇ, ಸುಳ್ಳು ಬರೆದದ್ದನ್ನು ಒಂದು ವೇಳೆ ಅಜ್ಞಾನ ಎನ್ನಬಹುದು. ಈ ಹದಿನೈದು ದಿನಕ್ಕೆ ಏನು ಹೆಸರಿಡುತ್ತೀರಿ?

ಹದಿನಾರನೇ ದಿನ ಸುನಂದಾ ತಾನೇ ಉಪಕೇಂದ್ರಕ್ಕೆ ಬಂದಳು. ಸೆರಗಿನ ಅಡಿಯಿಂದ ಒಂದು ಸ್ಟೀಲ್ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅವಳ ಹಾಲಿತ್ತು.

"ಬಾಯಾರ, ಇದನ್ನ ತಪಾಸ ಮಾಡಸಾಕ ಬರತೈತೇನ್ರಿ? ಇದರಾಗ ಏನರ ವಿಷಾ ಐತೇನೋ ಅಂತ. ಕುಡಿದ್ರ ಕೂಸಿಗೆ ದಮ್ಮ ಹತ್ತತೈತಿ, ಬಿಡಿಸಿದ್ರ ಸೊರಗತೈತಿ. ನಾ ಏನ ಮಾಡ್ಲಿ?"

ನಾನು ಲೋಟದ ಕಡೆ ನೋಡಲಾರದೆ, "ನಾಳೆ ಮೊದಲ ಬಸ್ಸಿಗೆ ತಯಾರಾಗ್ರಿ, ನಾನೂ ಬರತೀನಿ" ಎಂದೆ.

ಮರುದಿನ ಆ ಡಾಕ್ಟರ ಕೋಣೆಯಲ್ಲಿ ನಾವು ಮೂವರು, ಕೂಸು ಸುನಂದಾಳ ತೊಡೆಯ ಮೇಲೆ. ಡಾಕ್ಟರು ಮತ್ತೆ ಕಾರ್ಡು ಕೈಗೆತ್ತಿಕೊಂಡರು. ನಾನು ನಿಂತುಕೊಂಡೇ ಹೇಳಿದೆ. "ಸಾಹೇಬ್ರ, ಆ ಕಾರ್ಡ ಸುಳ್ಳೈತ್ರಿ. ಬರದಾಕಿ ನಾನು. ಕೂಸು ಏಳ ತಿಂಗಳಿಗೆ ಹುಟ್ಟೈತಿ, ಒಂದೂ ನಾನೂರು ಇತ್ತು."

ಅವರು ಕಾರ್ಡನ್ನು ನನ್ನ ಮುಖದ ಕಡೆ ಬೀಸಿ ಒಗೆದರು. ಮರಾಠಿಯಲ್ಲಿ ಏನೇನು ಬೈದರೋ ಅದನ್ನೆಲ್ಲ ಬರೆಯಲಾರೆ, ಬೈದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬೈಯುತ್ತಲೇ ಕೂಸಿನ ಅಂಗಿ ಸರಿಸಿ ಎದೆಗೆ ಕೊಳವೆ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಆಮೇಲೆ ಕೊಳವೆಯನ್ನು ನನ್ನ ಕಿವಿಗೆ ಕೊಟ್ಟರು. ಲಬ್ ಡಬ್ ಕೇಳುವ ಜಾಗದಲ್ಲಿ ಕಬ್ಬಿನ ಗಾಣ ನಿಲ್ಲದೆ ತಿರುಗಿದಂಥ ಗರಗರ ಸದ್ದು.

ಅವರು ಕಾಗದದ ಮೇಲೆ ಗೀಟು ಹಾಕಿ ತಿಳಿಸಿದರು. ಹೊಟ್ಟೆಯಲ್ಲಿರುವಾಗ ಕೂಸಿನ ಹೃದಯದ ಹತ್ತಿರ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ನಾಳ ಇರುತ್ತದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಎಷ್ಟೋ ಸಲ ಮುಚ್ಚುವುದಿಲ್ಲ. ಆಗ ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತದೆ, ಹೃದಯ ಸೋಲುತ್ತದೆ, ನಾಲ್ಕು ಗುಟುಕು ಕುಡಿಯುವುದೂ ಬೆಟ್ಟ ಹತ್ತಿದಷ್ಟು ದಣಿವು. "ದಿನ ತುಂಬದ ಕೂಸು ಅಂತ ಗೊತ್ತಿದ್ದರೆ ಮೊದಲ ದಿನವೇ ಇದನ್ನೇ ಹುಡುಕುತ್ತಿದ್ದೆ" ಎಂದರು. ಅವರ ಮೇಲೂ ನನಗೆ ಸಿಟ್ಟಿದೆ. ಕಾರ್ಡು ಏನೇ ಹೇಳಲಿ, ಆ ಸದ್ದು ಮೊದಲ ದಿನವೂ ಅಲ್ಲೇ ಇತ್ತು. ತಾಯಿ ಬಾಯಿಬಿಟ್ಟು ಏಳು ತಿಂಗಳು ಎಂದಿದ್ದಳು. ಕಾಗದವನ್ನು ನಂಬಿದರು, ಹಡೆದವಳನ್ನು ನಂಬಲಿಲ್ಲ.

ಬಾಳಗೌಡ, "ಹಂಗಾದ್ರ ನಮ್ಮ ಕಾಟಾ ಬರೋಬರಿ ಇತ್ತ್ರಿ" ಎಂದ. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಸುನಂದಾ ನನ್ನ ಮುಖವನ್ನು ಒಂದೇ ಸಲ ನೋಡಿದಳು. ಬಸ್ಸಿನಲ್ಲಿ ತಿರುಗಿ ಬರುವಾಗ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಕೂಸನ್ನು ಎತ್ತಿಕೊಂಡು ನಿಂತೇ ಬಂದಳು.

ಒಂದು ತಿಂಗಳು ಔಷಧ ಕೊಟ್ಟು ಶ್ವಾಸಕೋಶದ ನೀರು ಇಳಿಸಿದ ಮೇಲೆ, ಮಿರಜಿನಿಂದ ರೈಲು ಹತ್ತಿ ಮುಂಬಯಿಗೆ ಹೋದರು. ಅಲ್ಲಿಗೆ ನಾನು ಹೋಗಲಿಲ್ಲ, ಹೋಗುವ ಮುಖವೂ ಇರಲಿಲ್ಲ. ಬಾಳಗೌಡ ಆಮೇಲೆ ಹೇಳಿದ್ದನ್ನು ಬರೆಯುತ್ತೇನೆ. ಎಡಗಡೆ ಪಕ್ಕೆಲುಬುಗಳ ನಡುವೆ ಸೀಳಿ, ಆ ನಾಳವನ್ನು ದಾರದಿಂದ ಕಟ್ಟುತ್ತೇವೆ ಎಂದು ಸರ್ಜನ್ ಹೇಳಿದರಂತೆ. ಸುನಂದಾ ಕೇಳಿದ್ದು ಒಂದೇ. "ಆ ದಾರ ಮುಂದ ಬಿಚ್ಚಂಗಿಲ್ಲಲ್ರಿ?" ಆಪರೇಷನ್ ಕೋಣೆಯ ಬಾಗಿಲಲ್ಲಿ ಅಲ್ಲಿನ ನರ್ಸು ಕೂಸಿನ ಕೈಯ ಕರಿಮಣಿ ಬಿಚ್ಚಿ ಕೊಟ್ಟಾಗ, ಅವಳು ಅದನ್ನು ತನ್ನ ಮಂಗಳಸೂತ್ರಕ್ಕೆ ಕಟ್ಟಿಕೊಂಡಳು. ಆಮೇಲೆ ನಾಲ್ಕು ತಾಸು ಇಬ್ಬರೂ ಮೆಟ್ಟಿಲ ಮೇಲೆ. ಬಾಳಗೌಡ ಅಂದ, "ಬಾಯಾರ, ಆಕಿಗೆ ನಾ ಚಹಾ ತಂದ್ನಿ, ಅದನ್ನ ಹಂಗs ಕೈಯಾಗ ಹಿಡಕೊಂಡ ಕುಂತಳು, ಆರಿ ಕೆನಿ ಕಟ್ಟಿತು."

ಕೂಸು ಹೊರಗೆ ಬಂತು. ಮೂಗಿಗೊಂದು ನಳಿಗೆ, ಪಕ್ಕೆಗೊಂದು ನಳಿಗೆ, ಮೈಯೆಲ್ಲ ಪಟ್ಟಿ. ಎದೆಗೆ ಹಚ್ಚುವ ಹಾಗಿರಲಿಲ್ಲ. ಹಾಲು ಬತ್ತಬಾರದೆಂದು ಸುನಂದಾ ಮೂರು ತಾಸಿಗೊಮ್ಮೆ ಹಿಂಡಿ ಬಟ್ಟಲಲ್ಲಿ ಹಿಡಿದು ಮೋರಿಗೆ ಚೆಲ್ಲುತ್ತಿದ್ದಳು. ಮೂರನೇ ದಿನ ಅಲ್ಲಿಯ ಹಿರಿಯ ನರ್ಸು ಅದನ್ನು ನೋಡಿ ಕೈ ಹಿಡಿದಳಂತೆ. "ಅಗ, ಇದನ್ನ್ಯಾಕ ಚೆಲ್ಲತೀ? ಇಂಥಾ ಹಾಲ ಈ ವಾರ್ಡಿನ್ಯಾಗ ಯಾರಿಗೂ ಇಲ್ಲ" ಎಂದು ತನ್ನ ಮರಾಠಿಯಲ್ಲಿ ಹೇಳಿ, ಮೂಗಿನ ನಳಿಗೆಯಿಂದ ಕೂಸಿಗೆ ಅದನ್ನೇ ಬಿಟ್ಟಳು. ಬಾಳಗೌಡ ಹೇಳುತ್ತಿದ್ದ, ಆಪರೇಷನ್ ಆಗುವಾಗ ಅಳದವಳು ಆಗ ಆ ನರ್ಸಿನ ಹೆಗಲ ಮೇಲೆ ಬಿದ್ದು ಗೋಳೋ ಎಂದು ಅತ್ತಳು ಎಂದು. ಅವಳೂ ನರ್ಸು, ನಾನೂ ನರ್ಸು.

ಊರಿಗೆ ಬಂದ ಮೇಲಿನ ಕೆಲಸ ಇನ್ನೂ ಕಷ್ಟದ್ದು. ಕೂಸನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು, ಹೊಲಿಗೆ ಹರಿಯುತ್ತದೆ. ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ. ನೋಡಲು ಬಂದ ಹೆಂಗಸರಿಗೆಲ್ಲ ಕೂಸನ್ನು ಕಂಕುಳಲ್ಲೇ ಎತ್ತಿ ಆಡಿಸುವ ಚಟ. ಆಯಿ ಬಾಗಿಲಲ್ಲಿ ಕೋಲು ಹಿಡಿದು ಕೂತಳು. ಸುನಂದಾಳನ್ನು ಆಡಿಕೊಂಡಿದ್ದ ಒಬ್ಬಾಕೆಗೆ, "ಅಲ್ಲಿಂದs ನೋಡ, ನಿನ್ನ ಕಣ್ಣ ಛಲೋ ಅದಾವಲ್ಲ" ಎಂದಳಂತೆ. ಬಾಳಗೌಡ ಕೈಗಡಿಯಾರ ಹಿಡಿದು ಬೆಳಿಗ್ಗೆ ಸಂಜೆ ಕೂಸಿನ ಉಸಿರು ಎಣಿಸುತ್ತಿದ್ದ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮೊದಲಿಂದ ಎಣಿಸುವನು. ಸುನಂದಾ ಹಾಲು ಕೊಡುವಾಗ ನಿಮಿಷಕ್ಕೊಮ್ಮೆ ಹಿಂಗೈಯಿಂದ ಕೂಸಿನ ಹಣೆ ಮುಟ್ಟಿ ನೋಡುವಳು, ಬೆವರಿದೆಯೇ ಎಂದು. ಒಂದು ದಿನ ಕೂಸು ನಿಲ್ಲಿಸದೆ ಒಂದು ಮೊಲೆ ಪೂರ್ತಿ ಕುಡಿದು ನಿದ್ದೆ ಹೋಯಿತು. ಹಣೆ ಒಣಗಿತ್ತು. ಅವಳು ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಸೋಮವಾರಕ್ಕೊಮ್ಮೆ ತೂಕಕ್ಕೆ ಬರುತ್ತಿದ್ದಳು. ಸರಿಯಾದ ತೂಕ ಬರೆದು ಹೊಸ ಕಾರ್ಡು ಮಾಡಿಕೊಟ್ಟಿದ್ದೆ. ನಾನು ತೂಗಿ ಪೆನ್ನು ಎತ್ತುವ ಮೊದಲೇ, "ಗಟ್ಟ್ಯಾಗಿ ಓದ್ರಿ" ಎನ್ನುವಳು. ನಾನು ಓದುವೆ. "ಈಗ ಬರೀರಿ" ಎನ್ನುವಳು. ಬರೆದದ್ದನ್ನು ಬಾಳಗೌಡನಿಗೆ ಓದಲು ಕೊಡುವಳು. ಇಷ್ಟರ ಹೊರತು ನಮ್ಮ ನಡುವೆ ಬೇರೆ ಮಾತಿರಲಿಲ್ಲ.

ರಜಿಸ್ಟರನ್ನು ನಾನೇ ಕೆಂಪು ಶಾಯಿಯಿಂದ ತಿದ್ದಿ ಸಹಿ ಮಾಡಿದೆ. ಅಂದಿನಿಂದ ಮುಳ್ಳು ನಿಂತದ್ದನ್ನೇ ಬರೆದೆ. ಸಾಹೇಬರು ಕೆಂಡಾಮಂಡಲವಾದರು. "ನಿನ್ನ ಒಂದ ಕೂಸಿನ ಸಲುವಾಗಿ ಇಡೀ ಕೇಂದ್ರದ ಮಾನಾ ಕಳದಿ" ಎಂದರು. "ಎರಡೂವರಿ ಬರಿ ಅಂದಾವ್ರು ನೀವs ಅಲ್ರಿ?" ಎಂದೆ. "ಎಲ್ಲೈತಿ ಬರದದ್ದು?" ಎಂದು ಕೇಳಿದರು. ಎಲ್ಲೂ ಇರಲಿಲ್ಲ. ಮೆಮೊ ನನಗೆ ಬಂತು. ಅವರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಆ ಹಾರಕ್ಕೆ ವಂತಿಗೆ ಕೇಳಲು ನನ್ನ ಹತ್ತಿರವೂ ಬಂದಿದ್ದರು. ಬಂದವರನ್ನು ಬೈದು ಕಳಿಸಿದೆ.

ಮೊನ್ನೆ ಬಂದ ಹುಡುಗಿಯೊಬ್ಬಳು ಟ್ಯಾಬು ತೋರಿಸಿ, "ಇದರಾಗ ಎರಡೂವರಿಕ್ಕಿಂತ ಕಡಿಮಿ ಹಾಕಿದ್ರ ಕೆಂಪ ಬರತೈತ್ರಿ ಬಾಯಾರ, ಮ್ಯಾಲಿನಾವ್ರ ಫೋನ್ ಮಾಡಿ ಜೀವಾ ತಿಂತಾರ" ಎಂದಳು. ಮತ್ತೆ ನೀನು ಏನು ಹಾಕುತ್ತೀ ಎಂದೆ. ನಕ್ಕಳು. ಅವಳ ಆ ನಗುವಿಗೇ ನಾನು ಇದನ್ನೆಲ್ಲ ಬರೆಯಲು ಕೂತದ್ದು. ರಾಜಮತಿ ಬದುಕಿದಳು, ಶಾಲೆಗೆ ಹೋದಳು, ದ್ರಾಕ್ಷಿ ತೋಟದಲ್ಲಿ ಓಡಿದಳು. ಹಾಗಾಗಿ ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನೀವು ಅನ್ನಬಹುದು. ಆಗಲಿಲ್ಲ. ಏಕೆ ಎಂದು ಹೇಳುತ್ತೇನೆ.

ಭಾದ್ರಪದದಲ್ಲಿ ಜೈನರಿಗೆ ಹತ್ತು ದಿನದ ಪರ್ವ. ಅದು ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಅದು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಆಪರೇಷನ್ ಆದ ವರ್ಷದ ಕ್ಷಮಾವಣಿಯ ದಿನ ಸುನಂದಾ ಬಿಳಿ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು ಉಪಕೇಂದ್ರಕ್ಕೆ ಬಂದಳು. ನಾನು ಜೈನಳಲ್ಲ, ನನ್ನ ಹತ್ತಿರ ಬರಬೇಕಾದ ಅಗತ್ಯವೂ ಇರಲಿಲ್ಲ. ಕೂಸನ್ನು ಮೇಜಿನ ಮೇಲೆ ಕೂರಿಸಿ ಕೈ ಮುಗಿದಳು.

"ಬಾಯಾರ, ವರ್ಷದಾಗ ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ನಾನೂ ಕೈ ಮುಗಿದೆ. "ಕೇಳಬೇಕಾದಾಕಿ ನಾನು, ಸುನಂದಾ. ನಾ ಮಾಡಿದ್ದು..."

ಅವಳು ಮುಗಿದ ಕೈಯನ್ನು ಬಿಡಿಸಿ ನನ್ನ ಮಾತಿಗೆ ಅಡ್ಡ ಹಿಡಿದಳು.

"ನೀವು ಕೇಳಬ್ಯಾಡ್ರಿ. ಇವತ್ತ ನೀವು ಕೇಳಿದ್ರ ನಾ ಕೊಡಲೇಬೇಕಾಗತೈತಿ, ನಮ್ಮ ಧರ್ಮ ಹಂಗೈತಿ. ಒಂದೂವರಿ ತಿಂಗಳ ನಾ, ನನ್ನ ಕೂಸಿನ್ನ ನಾನs ಕೊಲ್ಲಾಕತ್ತೀನಿ ಅಂತ ತಿಳದ ಬದಕೀನ್ರಿ. ಬಾಯಿಲೆ ಕೊಟ್ಟು ಮನಸಿನ್ಯಾಗ ಕೊಡಲಿಲ್ಲಾಂದ್ರ ಅದೂ ಸುಳ್ಳಾಗತೈತಿ. ಅದಕ್ಕ ಕೇಳಬ್ಯಾಡ್ರಿ."

ಕೂಸನ್ನು ಎತ್ತಿಕೊಂಡು ಹೋದಳು. ಆ ಊರಿನಲ್ಲಿ ನಾನಿದ್ದಷ್ಟು ವರ್ಷವೂ ಕ್ಷಮಾವಣಿಗೆ ತಪ್ಪದೆ ಬಂದಳು. ಅವಳು ಕೇಳಿದಳು, ನಾನು ಕೊಟ್ಟೆ. ನಾನು ಕೇಳಲಿಲ್ಲ.